ವರದಿಯಿಂದ ಗದ್ಯಕ್ಕೆ: 1990ರ ಕುವೈತ್ ಮತ್ತು ನಮ್ಮ ಬರವಣಿಗೆ

1990ರ ಆಗಸ್ಟ್ 2ರ ಮುಂಜಾವದಲ್ಲಿ ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಈ ಪುಟ್ಟ ರಾಷ್ಟ್ರದಲ್ಲಿ ಸುಮಾರು 1,70,000 ಭಾರತೀಯರಿದ್ದರು. ನಮ್ಮ ಕರಾವಳಿಯಿಂದ ಬಂದು ನೆಲೆಸಿದ್ದ ಕುಟುಂಬಗಳೂ ಅವರಲ್ಲಿ ಸೇರಿದ್ದವು. ಬಸ್ರಾ, ಬಾಗ್ದಾದ್ ಮಾರ್ಗವಾಗಿ ಜೋರ್ಡಾನಿನ ಅಮ್ಮಾನ್ ತಲುಪಿದ ಲಕ್ಷಕ್ಕೂ ಮಿಕ್ಕಿದ ಜನರನ್ನು ಏರ್ ಇಂಡಿಯಾ 488 ಯಾನಗಳಲ್ಲಿ ಸ್ವದೇಶಕ್ಕೆ ಕರೆತಂದಿತು. ಪತ್ರಿಕೆಗಳು ಈ ಸಂಖ್ಯೆಗಳನ್ನು ದಾಖಲಿಸಿದವು. ಇರಾಕ್ ಕುವೈತಿ ದಿನಾರನ್ನೇ ರದ್ದುಪಡಿಸಿದಾಗ ಕೈಯಲ್ಲಿದ್ದ ಉಳಿತಾಯ ಬರಿಯ ಕಾಗದವಾದ ಬಗೆ, ಪಾಸ್‌ಪೋರ್ಟು ಮಾಲೀಕನ ಬಳಿಯೇ ಉಳಿದವನ ತಳಮಳ, ಇವು ವರದಿಯ ಅಂಕಣಕ್ಕೆ ಹಿಡಿಸುವಂಥವಲ್ಲ.

ಇಂಥ ವಸ್ತುವಿಗೆ ಎರಡು ದಾರಿಗಳುಂಟು. ಒಂದು, ಸಾಹಿತ್ಯಕ ಪತ್ರಿಕೋದ್ಯಮ. ಜಾನ್ ಹರ್ಸಿ ಹಿರೋಷಿಮಾದಲ್ಲಿ ಬದುಕುಳಿದ ಆರು ಮಂದಿಯನ್ನು ಕೇಳಿ ತಿಳಿದು ಬರೆದ ಲೇಖನಕ್ಕೆ 1946ರ ಆಗಸ್ಟ್ 31ರ 'ನ್ಯೂಯಾರ್ಕರ್' ಸಂಚಿಕೆ ಸಂಪೂರ್ಣವಾಗಿ ಮೀಸಲಾಯಿತು. ಇಲ್ಲಿ ಲೇಖಕ ಅನ್ಯರ ಬಾಳನ್ನು ಹುಡುಕಿಕೊಂಡು ಹೋಗುತ್ತಾನೆ. ಇನ್ನೊಂದು, ಇತ್ತೀಚೆಗೆ ಸೃಜನಶೀಲ ಕಥೇತರ ಗದ್ಯವೆಂದು ಹೆಸರು ಪಡೆದಿರುವ ವಿಶಾಲ ಬಯಲು. ಸ್ಮೃತಿ, ಪ್ರವಾಸ, ಪ್ರಬಂಧಗಳೆಲ್ಲ ಅಲ್ಲಿ ಸಲ್ಲುತ್ತವೆ. ಮೊದಲನೆಯದು ಎರಡನೆಯದರ ಒಂದು ಶಾಖೆ ಎನ್ನುವುದು ಸಮಂಜಸವಾದೀತು. ಹೆಸರು ಹೊಸದಾದರೂ ಕನ್ನಡಕ್ಕೆ ಸಂಗತಿ ಹೊಸದಲ್ಲ. ಪತ್ರಕರ್ತರಾಗಿದ್ದ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ', 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನಮ್ಮ ಮುಂದಿವೆ. ಕಥೆಗಾರ ಲಂಕೇಶರು 1980ರಲ್ಲಿ ಪತ್ರಿಕೆಯನ್ನೇ ಆರಂಭಿಸಿದರು. ಸ್ವಾಮಿಯವರು ಸಸ್ಯಶಾಸ್ತ್ರಜ್ಞರು, ವರದಿಗಾರರಲ್ಲ. ಆದರೂ ಗಿಡದ ವಿವರದಲ್ಲಿ ಅವರ ವಿನೋದ ಎಲ್ಲೆ ಮೀರದು.

ಈ ಎಲ್ಲೆಯೇ ಮುಖ್ಯ. 2016ರಲ್ಲಿ ತೆರೆಕಂಡ 'ಏರ್‌ಲಿಫ್ಟ್' ಹಿಂದಿ ಚಿತ್ರ ಕುವೈತಿನ ತೆರವು ಕಾರ್ಯವನ್ನು ರಂಜಿತ್ ಕಟಿಯಾಲ್ ಎಂಬ ಕಲ್ಪಿತ ನಾಯಕನ ಸುತ್ತ ಹೆಣೆಯಿತು. ಮಾಥುನ್ನಿ ಮ್ಯಾಥ್ಯೂಸ್ ಮೊದಲಾದ ನಿಜ ವ್ಯಕ್ತಿಗಳ ಸೇವೆ ಒಬ್ಬನ ಹೆಗಲೇರಿತು. ಚಿತ್ರದಲ್ಲಿ ವಾಸ್ತವಾಂಶಗಳ ಕೊರತೆಯಿದೆಯೆಂದು ವಿದೇಶಾಂಗ ಸಚಿವಾಲಯವೇ ಆಕ್ಷೇಪಿಸಿತು. ಸಿನಿಮಾಕ್ಕೆ ಆ ಸ್ವಾತಂತ್ರ್ಯವಿರಬಹುದು. ಕಥೇತರವೆಂದು ಹೇಳಿಕೊಳ್ಳುವ ಗದ್ಯಕ್ಕಿಲ್ಲ. ಆದರೆ ಇಂದು ಕುವೈತೆಂದರೆ ಹಲವು ಯುವಕರಿಗೆ ಆ ಚಿತ್ರವೇ ಇತಿಹಾಸ!

1990ರಲ್ಲಿ ಮೂವತ್ತರ ಪ್ರಾಯದಲ್ಲಿದ್ದ ಕನ್ನಡ ಬಂಧುಗಳು ಈಗ ಅರವತ್ತೈದರ ಆಸುಪಾಸಿನಲ್ಲಿದ್ದಾರೆ. ಬಸ್ಸಿನಲ್ಲಿ ಜೊತೆಗಿದ್ದವರ ಹೆಸರು, ಮರುಭೂಮಿಯ ಶಿಬಿರದಲ್ಲಿ ಕಳೆದ ರಾತ್ರಿಗಳು, ವಿಮಾನದ ದಿನಾಂಕ, ಊರು ಮುಟ್ಟಿದಾಗ ಕಿಸೆಯಲ್ಲಿ ಉಳಿದಿದ್ದ ಹಣ: ಇವನ್ನು ಅವರೇ ಬರೆಯಬಹುದು, ಇಲ್ಲವೇ ಅವರ ಮಕ್ಕಳು ಕೇಳಿ ಬರೆದುಕೊಳ್ಳಬಹುದು. ನೆನಪಾಗದ ದಿನಾಂಕವಿದ್ದಲ್ಲಿ ಆ ಸ್ಥಳವನ್ನು ಖಾಲಿ ಬಿಡುವುದೇ ಲೇಸು.