ವೈರಾಗ್ಯದಿಂದ ಸಮಚಿತ್ತಕ್ಕೆ: ಕನ್ನಡ ಕಾವ್ಯ ಕಷ್ಟವನ್ನು ಕಂಡ ಬಗೆ

ಬಡತನ, ಅವಮಾನ, ಅಗಲಿಕೆ, ಸಾವು: ಇವುಗಳ ಎದುರು ಮನುಷ್ಯ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆ ಕನ್ನಡ ಕಾವ್ಯಕ್ಕೆ ಹಳೆಯದು. ಉತ್ತರ ಮಾತ್ರ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಪಂಪನಿಂದ ಡಿ.ವಿ.ಜಿ.ಯವರೆಗಿನ ಕೆಲವು ಕೃತಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಆ ಉತ್ತರ ಸಂಸಾರದ ಹೊರಗಿನಿಂದ ಒಳಕ್ಕೆ ಬಂದದ್ದು ತಿಳಿಯುತ್ತದೆ. ಈ ಪಲ್ಲಟವನ್ನು ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಂಪನ ‘ಆದಿಪುರಾಣ’ (ಕ್ರಿ.ಶ. 941) ಈ ಚರಿತ್ರೆಯ ಒಂದು ತುದಿ. ಆದಿದೇವನ ಸಭೆಯಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ಕುಣಿತದ ನಡುವೆಯೇ ಮುಗಿಯುತ್ತದೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ, ಆದಿದೇವನೊಬ್ಬನಿಗೆ ತಿಳಿಯುತ್ತದೆ. ಬಾಳಿನ ಅನಿತ್ಯತೆಯನ್ನು ಕಂಡ ಅವನು ರಾಜ್ಯವನ್ನು ತೊರೆಯುತ್ತಾನೆ. ಇಲ್ಲಿ ಅರಿವು ಮೂಡಿದ ಮೇಲೆ ಇರುವ ದಾರಿ ವೈರಾಗ್ಯ.

ಹನ್ನೆರಡನೆಯ ಶತಮಾನದ ಶರಣರಲ್ಲಿ ದಾರಿ ಬದಲಾಯಿತು. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಅವಳ ದೃಷ್ಟಿಯಲ್ಲಿ ಆಸೆಗೆ ಸೋತ ಮನಸ್ಸೇ ನಿಜವಾದ ಬಡತನ. ಕಾಯಕ ಬಿಡದವರಿಗೆ ಬಡತನವಿಲ್ಲ. ಕಷ್ಟಕ್ಕೆ ಹೆದರಿ ಮನೆ ಬಿಡಬೇಕಾಗಿಲ್ಲ, ಮನೆಯಲ್ಲೇ ನೆಟ್ಟಗೆ ನಿಲ್ಲಬಹುದು ಎಂಬ ನಿಲುವು ಇಲ್ಲಿ ಗಟ್ಟಿಯಾಯಿತು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಮೇಲೆ ಇಂಥ ಮಾತುಗಳು ಮಠದ ತಾಳೆಗರಿಗಳನ್ನು ದಾಟಿ ಸಾಮಾನ್ಯ ಓದುಗರ ಕೈ ಸೇರಿದವು.

ಹದಿನಾರನೆಯ ಶತಮಾನದ ದಾಸರು ಅದೇ ನಿಲುವಿಗೆ ಹಾಡಿನ ರೂಪ ಕೊಟ್ಟರು. ಮತ್ತೆ ಮತ್ತೆ ಮರಳುವ ಪಲ್ಲವಿಯಿಂದಾಗಿ ಓದು ಬಾರದವರಿಗೂ ಈ ತತ್ತ್ವ ಬಾಯಿಪಾಠವಾಯಿತು. ಕನಕದಾಸರು ತಮ್ಮ ಒಂದು ಪ್ರಸಿದ್ಧ ಕೀರ್ತನೆಯಲ್ಲಿ ಕಳವಳಗೊಂಡ ಮನಸ್ಸನ್ನೇ ಕರೆದು ಸಮಾಧಾನ ಹೇಳುತ್ತಾರೆ. ಅವರ ‘ರಾಮಧಾನ್ಯಚರಿತೆ’ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಶ್ರೇಷ್ಠತೆಗಾಗಿ ಜಗಳವಾಡಿದ ವ್ರೀಹಿಯನ್ನೂ ನರೆದಲಗವನ್ನೂ, ಎಂದರೆ ಭತ್ತವನ್ನೂ ರಾಗಿಯನ್ನೂ, ರಾಮ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ರಾಮ ರಾಗಿಗೆ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ. ಬಡವರ ಧಾನ್ಯದ ತಾಳಿಕೆಯನ್ನೇ ಹಿರಿಮೆಯ ಅಳತೆಯಾಗಿಸಿದ ಈ ಕಾವ್ಯದಲ್ಲಿ ಸಹನೆಗೆ ಸ್ವಾಭಿಮಾನವೂ ಕೂಡಿಕೊಂಡಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯಂಥ ನಿತ್ಯದ ಸಂಗತಿಗಳಿಂದಲೇ ತತ್ತ್ವಪದ ಕಟ್ಟಿದರು. ಬೇಂದ್ರೆಯವರಲ್ಲಿ ಈ ಪರಂಪರೆ ಕಠಿಣ ಪರೀಕ್ಷೆಗೆ ಒಳಗಾಯಿತು. ಮಗುವಿನ ಸಾವಿನ ಎದುರು ಗಂಡ ಹೆಂಡತಿಗೆ ಆಡುವ ಮಾತಿನ ರೂಪದ ಅವರ ಕವಿತೆಯಲ್ಲಿ ಸಿದ್ಧ ಸಾಂತ್ವನವಿಲ್ಲ. ದುಃಖವನ್ನು ಇಬ್ಬರೂ ಹೊರಬೇಕು ಎಂಬ ಅರಿವಷ್ಟೇ ಅಲ್ಲಿದೆ.

ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ (1943) ಈ ಎಲ್ಲ ಎಳೆಗಳನ್ನು ಒಂದೆಡೆ ಹೆಣೆದ ಕೃತಿ. ಅದರ 945 ಚೌಪದಿಗಳಲ್ಲಿ ಸೃಷ್ಟಿಯ ಅರ್ಥದ ಬಗ್ಗೆ ಸಂಶಯಗಳು ಬಿಡುವಿಲ್ಲದೆ ಏಳುತ್ತವೆ. ಎಲ್ಲಕ್ಕೂ ಉತ್ತರ ಸಿಗುವುದಿಲ್ಲ. ಉತ್ತರ ಸಿಗದಿದ್ದರೂ ಬಂದ ಕರ್ತವ್ಯವನ್ನು ಮಾಡಬೇಕು, ಅಹಂಕಾರವನ್ನು ಕರಗಿಸಿಕೊಂಡು ಇತರರೊಂದಿಗೆ ಬೆರೆತು ಬಾಳಬೇಕು ಎಂಬುದು ಕಗ್ಗದ ವಿವೇಕ. ಆದಿಪ್ರಾಸದ ನಾಲ್ಕು ಸಾಲಿನ ಅಚ್ಚುಕಟ್ಟು ರೂಪ ನೆನಪಿನಲ್ಲಿ ಸುಲಭವಾಗಿ ನಿಲ್ಲುವುದರಿಂದ, ಅದು ಬೇಕಾದ ಹೊತ್ತಿಗೆ ಒದಗುತ್ತದೆ.

ಈ ಸಮಚಿತ್ತವನ್ನು ವಿಧಿಗೆ ಶರಣಾಗುವಿಕೆ ಎಂದು ಆಕ್ಷೇಪಿಸುವವರಿದ್ದಾರೆ. ಮೇಲಿನ ಕೃತಿಗಳು ಆ ಆಕ್ಷೇಪವನ್ನು ಸಮರ್ಥಿಸುವುದಿಲ್ಲ. ಹೆಚ್ಚು ಅಕ್ಕಿಯನ್ನು ಬೇಡವೆಂದ ಲಕ್ಕಮ್ಮ ಆಸೆಯ ವಿರುದ್ಧ ನಿಂತಳು. ರಾಗಿಯನ್ನು ಗೆಲ್ಲಿಸಿದ ಕನಕದಾಸರು ಮೇಲುಕೀಳಿನ ವಿರುದ್ಧ ನಿಂತರು. ಕಷ್ಟದಲ್ಲಿ ಮನಸ್ಸು ಕುಸಿಯದಂತೆ ನೋಡಿಕೊಳ್ಳುವುದು ಅನ್ಯಾಯವನ್ನು ಒಪ್ಪಿಕೊಂಡಂತಲ್ಲ, ಅದನ್ನು ಎದುರಿಸಲು ಬೇಕಾದ ಬಲವನ್ನು ಉಳಿಸಿಕೊಂಡಂತೆ. ಕನ್ನಡ ಕಾವ್ಯ ಸಾವಿರ ವರ್ಷಗಳಲ್ಲಿ ಕಟ್ಟಿಕೊಟ್ಟ ಅಧ್ಯಾತ್ಮದ ಹೆಚ್ಚಳ ಇದೇ.