ಕಾಂಗೋ ದೇಶದ ಮೊದಲ ಮತದಾನ

ಸಿದ್ಧವಾಗಿರದ ಜನರ ಕೈಗೆ ಮತಪತ್ರ ಕೊಟ್ಟದ್ದರಿಂದಲೇ ಕಾಂಗೋ ಕೆಟ್ಟಿತೆಂದು ಹೇಳುವವರುಂಟು. ಈ ತೀರ್ಪನ್ನು ಒಪ್ಪುವ ಮೊದಲು ನಡೆದ ಸಂಗತಿಯನ್ನು ಕ್ರಮವಾಗಿ ನೋಡುವುದು ಲೇಸು.

ಆ ವಿಶಾಲ ದೇಶವನ್ನು ಬೆಲ್ಜಿಯಂ ಸರಕಾರ 1908ರಿಂದ ಆಳಿತು. 1957ರ ಕೊನೆಯಲ್ಲಿ ಮೂರು ನಗರಗಳಲ್ಲಿ ಪೌರಸಭೆಗಳಿಗೆ ಚುನಾವಣೆ ನಡೆಯುವವರೆಗೆ ಅಲ್ಲಿಯ ಪ್ರಜೆ ಮತಪೆಟ್ಟಿಗೆಯನ್ನೇ ಕಂಡಿರಲಿಲ್ಲ. 1960ರ ಜನವರಿಯಲ್ಲಿ ಬ್ರಸೆಲ್ಸ್ ನಗರದಲ್ಲಿ ಕೂಡಿದ ದುಂಡುಮೇಜಿನ ಪರಿಷತ್ತು ಜೂನ್ 30ಕ್ಕೆ ಸ್ವಾತಂತ್ರ್ಯವೆಂದು ಗೊತ್ತುಮಾಡಿತು. ಉಳಿದದ್ದು ಐದೇ ತಿಂಗಳು. ಅಷ್ಟರೊಳಗೆ ಚುನಾವಣೆ ಮುಗಿದು, ಸರಕಾರವೂ ಏರ್ಪಡಬೇಕಾಗಿತ್ತು.

ಮೇ ತಿಂಗಳಿನಲ್ಲಿ ಮತದಾನ ನಡೆಯಿತು. ಗಂಡಸರಿಗೆ ಮಾತ್ರ ಮತದ ಹಕ್ಕು, ಹೆಂಗಸರಿಗೆ ಇರಲಿಲ್ಲ. ಕೆಳಮನೆಯ 137 ಸ್ಥಾನಗಳಲ್ಲಿ ಪಾಟ್ರಿಸ್ ಲುಮುಂಬಾ ಅವರ ರಾಷ್ಟ್ರೀಯ ಆಂದೋಲನ ಪಕ್ಷಕ್ಕೆ 33 ದೊರೆತವು. ಇಡೀ ದೇಶದ ಹೆಸರಿನಲ್ಲಿ ಮತ ಕೇಳಿದ ಪಕ್ಷ ಅದು. ಉಳಿದ ಹಲವು ಪಕ್ಷಗಳು ತಮ್ಮ ತಮ್ಮ ಸೀಮೆಗೆ, ಬುಡಕಟ್ಟಿಗೆ ಸೇರಿದವು. ಬಕಾಂಗೋ ಜನರ ನಾಯಕ ಕಸವುಬು ಅವರ ಅಬಾಕೊ ಪಕ್ಷಕ್ಕೆ 12, ಗಣಿಗಳ ನಾಡಾದ ಕಟಾಂಗದ ಷೋಂಬೆ ಅವರ ಕೊನಾಕಾಟ್ ಪಕ್ಷಕ್ಕೆ 8. ಯಾರಿಗೂ ಬಹುಮತವಿಲ್ಲ. ಆದರೂ ಮಾತುಕತೆ ನಡೆಯಿತು, ಕೊಡುಕೊಳ್ಳುವಿಕೆ ನಡೆಯಿತು. ಲುಮುಂಬಾ 74 ಮತಗಳ ವಿಶ್ವಾಸ ಪಡೆದು ಪ್ರಧಾನಿಯಾದರು. ಅವರ ಪ್ರತಿಸ್ಪರ್ಧಿ ಕಸವುಬು ಅವರನ್ನು ಸಂಸತ್ತು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿತು. ಅರಿವಿಲ್ಲದವರ ಕೆಲಸವೇ ಇದು?

ಜುಲೈ 5ರಂದು ಸೈನ್ಯ ದಂಗೆಯೆದ್ದಿತು. ಅದರ ಅಧಿಕಾರಿಗಳೆಲ್ಲ ಆಗಲೂ ಬೆಲ್ಜಿಯಂನವರೇ. ಕೆಲವೇ ದಿನಗಳಲ್ಲಿ ಬೆಲ್ಜಿಯಂ ಪಡೆಗಳು ಕಾಂಗೋ ಸರಕಾರದ ಒಪ್ಪಿಗೆಯಿಲ್ಲದೆ ನುಗ್ಗಿದವು. 11ರಂದು ಕಟಾಂಗ ಬೇರೆಯಾಯಿತು. ಸೆಪ್ಟೆಂಬರ್ 5ರಂದು ಅಧ್ಯಕ್ಷರು ಪ್ರಧಾನಿಯನ್ನೂ, ಪ್ರಧಾನಿ ಅಧ್ಯಕ್ಷರನ್ನೂ ವಜಾ ಮಾಡಿದರು. ಆ ಕೋಲಾಹಲದ ನಡುವೆ ವಿವೇಕ ತೋರಿದ್ದು ಜನ ಆರಿಸಿದ ಸಭೆಯೇ: ಎರಡು ವಜಾ ಆಜ್ಞೆಗಳೂ ಸಲ್ಲವೆಂದು ಕೆಳಮನೆ ತೀರ್ಮಾನಿಸಿತು. ಒಂದು ವಾರ ಕಳೆಯುತ್ತಲೇ ಸೇನಾಧಿಕಾರಿ ಮೊಬುಟು ಸಂಸತ್ತಿಗೆ ಬೀಗ ಹಾಕಿದನು. 1961ರ ಜನವರಿ 17ರಂದು ಲುಮುಂಬಾ ಕಟಾಂಗದಲ್ಲಿ ಕೊಲೆಯಾದರು. ಬೆಲ್ಜಿಯಂ ಅಧಿಕಾರಿಗಳು ಆ ಸ್ಥಳದಲ್ಲಿಯೇ ಇದ್ದರು.

1965ರಲ್ಲಿ ಮತ್ತೊಮ್ಮೆ ಚುನಾವಣೆಯಾಯಿತು. ನವೆಂಬರಿನಲ್ಲಿ ಅದೇ ಮೊಬುಟು ಅಧಿಕಾರವನ್ನೇ ಕಸಿದುಕೊಂಡನು. ಮುಂದೆ ಬಹುಪಕ್ಷಗಳ ಚುನಾವಣೆ ನಡೆದುದು 2006ರಲ್ಲಿ. ಇಪ್ಪತ್ತೈದರ ತರುಣನಾಗಿ 1965ರಲ್ಲಿ ಮತವಿತ್ತವನಿಗೆ ಆ ವೇಳೆಗೆ ಅರವತ್ತಾರು ವರ್ಷ. ಮತ ಹಾಕಲು ಅವನಿಗೆ ಬರುತ್ತಿರಲಿಲ್ಲವೆಂದು ಇತಿಹಾಸ ಹೇಳುವುದಿಲ್ಲ. ಹಾಕಿದ ಮತವನ್ನು ಬಾಳಗೊಡಲಿಲ್ಲವೆಂದಷ್ಟೇ ಹೇಳುತ್ತದೆ.