ಮುತ್ತಿನ ಕಡಲು, ಎಣ್ಣೆಯ ಬಂದರು, ದೂರದ ಅಪ್ಪ

1946ರ ಜೂನ್ 30ರಂದು ಮೀನಾ ಅಲ್ ಅಹ್ಮದಿಯಿಂದ ಕುವೈತಿನ ಕಚ್ಚಾ ಎಣ್ಣೆ ಮೊದಲ ಸಲ ಹಡಗೇರಿತು. ಅದಕ್ಕೂ ಮೊದಲು ಆ ಕರಾವಳಿಯ ಗಂಡಸರು ಬೇಸಿಗೆ ಬಂತೆಂದರೆ ತಿಂಗಳುಗಟ್ಟಲೆ ಮುತ್ತು ಹುಡುಕುತ್ತ ಕಡಲಲ್ಲೇ ಇರುತ್ತಿದ್ದರು. ಜಪಾನಿನ ಸಾಕಣೆ ಮುತ್ತು 1930ರ ದಶಕದಲ್ಲಿ ಆ ಕಸುಬನ್ನು ಮಲಗಿಸಿತು. ಕಸುಬು ಬದಲಾದಂತೆ ಕಥೆಗಳೊಳಗಿನ ಅಪ್ಪನೂ ಬದಲಾದ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು: ಮನೆಗೋಸ್ಕರ ಮನೆ ಬಿಟ್ಟವನು ಮನೆಯವರಿಗೆ ಏನಾಗುತ್ತಾನೆ?

ಕುವೈತಿನ ಮೊದಲ ಕಥಾಚಿತ್ರ, ಖಾಲಿದ್ ಅಲ್ ಸಿದ್ದೀಕರ ‘ಬಸ್ ಯಾ ಬಹರ್’ (1972) ಎಣ್ಣೆಗೆ ಮುಂಚಿನ ಕಾಲದ್ದು. ಶಾರ್ಕ್ ದಾಳಿಗೆ ಸಿಕ್ಕಿ ಅಂಗವಿಕಲನಾದ ಅಪ್ಪ, ಮಗ ಕಡಲಿಗಿಳಿಯುವುದು ಬೇಡ ಎನ್ನುತ್ತಾನೆ. ಬಡತನ ಆ ಮಾತನ್ನು ನಡೆಯಗೊಡುವುದಿಲ್ಲ. ಮಗ ನೀರಿನಲ್ಲೇ ಸಾಯುತ್ತಾನೆ; ಅವನ ಪಾಲಿನ ಮುತ್ತನ್ನು ತಾಯಿ ಕಡಲಿಗೇ ಎಸೆಯುತ್ತಾಳೆ. ಇಲ್ಲಿ ಅಪ್ಪನ ‘ಬೇಡ’ ಅಧಿಕಾರದ್ದಲ್ಲ, ಅನುಭವದ್ದು.

ಎಣ್ಣೆ ಬಂದ ಮೇಲೆ ಹೊರಗಿನ ಅಪ್ಪಂದಿರು ಬಂದರು. ಕುವೈತಿನಲ್ಲಿ ಮೇಷ್ಟರಾಗಿದ್ದ ಪ್ಯಾಲೆಸ್ತೀನಿ ಲೇಖಕ ಗಸ್ಸಾನ್ ಕನಫಾನಿ ಬರೆದ ‘ರಿಜಾಲ್ ಫಿಶ್ಶಮ್ಸ್’ (1963) ಕಿರುಕಾದಂಬರಿಯಲ್ಲಿ ಎರಡು ಬಗೆಯ ಅಪ್ಪಂದಿರಿದ್ದಾರೆ. ಮಗನನ್ನು ಓದಿಸಬೇಕು, ಒಂದೆರಡು ಆಲಿವ್ ಗಿಡ ಕೊಳ್ಳಬೇಕು ಎಂದು ದುಡಿಮೆಗಾಗಿ ಕುವೈತಿಗೆ ಹೊರಟವನು ಅಬೂ ಕೈಸ್. ಹದಿಹರೆಯದ ಮರ್ವಾನನ ಅಪ್ಪನೋ, ಕಾಂಕ್ರೀಟಿನ ಸೂರಿಗಾಸೆಪಟ್ಟು ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಮದುವೆಯಾದವನು. ಸಂಸಾರದ ಹೊರೆ ಹುಡುಗನ ಹೆಗಲಿಗೆ ಬೀಳುತ್ತದೆ. ಕದ್ದು ಗಡಿ ದಾಟಲು ಖಾಲಿ ನೀರಿನ ಟ್ಯಾಂಕರಿನೊಳಗೆ ಅಡಗಿದ ಅಬೂ ಕೈಸ್, ಮರ್ವಾನ್ ಇಬ್ಬರೂ ಅಲ್ಲೇ ಬಿಸಿಲಿಗೆ ಬೆಂದು ಸಾಯುತ್ತಾರೆ. ಹೊಣೆ ಹೊತ್ತ ಅಪ್ಪನಿಗೂ, ತಪ್ಪಿಸಿಕೊಂಡ ಅಪ್ಪನ ಮಗನಿಗೂ ಒಂದೇ ಗತಿ.

ಅರ್ಧ ಶತಮಾನದ ನಂತರ ಮಾತು ಮಗನ ಬಾಯಿಗೆ ಬಂತು. 2013ರ ಅಂತರರಾಷ್ಟ್ರೀಯ ಅರಬಿ ಕಾದಂಬರಿ ಪ್ರಶಸ್ತಿ ಪಡೆದ ಸಊದ್ ಅಲ್ ಸನ್ಊಸಿಯವರ ‘ಸಾಕ್ ಅಲ್ ಬಾಂಬೂ’ ಕೃತಿಯ ನಿರೂಪಕ, ಕುವೈತಿ ಯಜಮಾನನಿಗೂ ಫಿಲಿಪೈನ್ಸಿನ ಮನೆಗೆಲಸದವಳಿಗೂ ಹುಟ್ಟಿದವನು. ಮನೆತನದ ಮರ್ಯಾದೆಗೆ ಮಣಿದು ಅಪ್ಪ ತಾಯಿ-ಮಗು ಇಬ್ಬರನ್ನೂ ಫಿಲಿಪೈನ್ಸಿಗೆ ಕಳಿಸಿಬಿಟ್ಟಿದ್ದ. 1990ರ ಇರಾಕಿ ದಾಳಿಯ ಬಳಿಕ ಅವನೇ ಕಾಣೆಯಾದ. ಅಪ್ಪನ ನಾಡಿಗೆ ಮರಳಿದ ಮಗನಿಗೆ ಅಪ್ಪನ ಮನೆಯವರು ಮನೆತನದ ಹೆಸರನ್ನು ಬಹಿರಂಗವಾಗಿ ಕೊಡಲಾರರು.

ಮನೆಗೋಸ್ಕರ ಮನೆ ಬಿಟ್ಟ ಅಪ್ಪನ ಕಥೆಗೆ ಭಾರತದ ಕಡೆಯಿಂದ ಮಲಯಾಳಂ ಸಿನಿಮಾ ‘ಪತ್ತೇಮಾರಿ’ (2015) ದೊಡ್ಡ ರೂಪ ಕೊಟ್ಟಿತು. ಮಮ್ಮೂಟಿ ಅಭಿನಯದ ನಾರಾಯಣನ್ ಗಲ್ಫಿನಲ್ಲಿ ದುಡಿಯುತ್ತಲೇ ಸವೆಯುತ್ತಾನೆ. ಅವನ ಹಣಕ್ಕೆ ಮನೆಯಲ್ಲಿ ಸಿಗುವ ಜಾಗ ಅವನಿಗೆ ಸಿಗುವುದಿಲ್ಲ.

ಕನ್ನಡದ ಹಾದಿ ಬೇರೆ. ನಮ್ಮ ಕಥೆಗಳ ಅಪ್ಪಂದಿರು ಹೆಚ್ಚಾಗಿ ಮನೆಯಲ್ಲೇ ಇದ್ದು ಆಳಿದವರು. ಕಾರ್ನಾಡರ ‘ಯಯಾತಿ’ (1961) ನಾಟಕದಲ್ಲಿ ಅಪ್ಪ ಮಗನ ಯೌವನವನ್ನೇ ಪಡೆಯುತ್ತಾನೆ. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯಲ್ಲಿ (1965) ಮನೆಯ ಹಿರಿಯ ಶ್ರೋತ್ರಿಗಳು ನಂಬಿದ್ದ ಕುಲದ ಬೇರೇ ಅಲುಗಾಡುತ್ತದೆ. ಕಾಸರಗೋಡಿನವರಾದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ, ಮಗಳ ಸಂಸಾರ ಒಡೆಯುವಷ್ಟು ಹಟಮಾರಿಯಾದ ಅಪ್ಪನನ್ನು ಮಗಳ ಕಡೆಯಿಂದ ತೋರಿಸಿದರು. ತೇಜಸ್ವಿಯವರ ‘ಅಣ್ಣನ ನೆನಪು’ ಈ ಬಿಗಿ ಸಡಿಲಿಸಿ, ತಂದೆ ಕುವೆಂಪು ಅವರನ್ನು ಮನೆಯೊಳಗಿನ ಮನುಷ್ಯನಾಗಿ ತಂದಿತು.

ಗಲ್ಫ್ ಕಥೆಗಳು ಅಪ್ಪನ ಗೈರುಹಾಜರಿಯನ್ನು ತೂಗಿದರೆ, ಕನ್ನಡದ ಈ ಕೃತಿಗಳು ಅವನ ಹಾಜರಿಯ ಭಾರವನ್ನು ತೂಗಿವೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಮನುಷ್ಯನಲ್ಲಿವೆ: ವರ್ಷವಿಡೀ ಫೋನಿನಲ್ಲಿ, ರಜೆಯ ತಿಂಗಳಲ್ಲಿ ಯಜಮಾನನಾಗಿ. ಅವನನ್ನು ಬರೆಯುವವರಿಗೆ ಕನಫಾನಿಯೂ ಬೇಕು, ಸಾರಾ ಅಬೂಬಕ್ಕರರೂ ಬೇಕು.